ಆನೆ ಮಲಗುವಷ್ಟು ಹಾಡು

ನಮ್ಮ ಭಾವ ಬಹಳ ಒಳ್ಳೆಯ ಮನುಷ್ಯ, ಅವರೆದುರು ಕಂಪ್ಯೂಟರಿನ ಮಾತೊಂದನ್ನು ಎತ್ತದಿದ್ದರೆ. ಎತ್ತಿದಿರೋ, ಕೆಟ್ಟಿರಿ. ಅವರದು ಲಿನಕ್ಸ್. ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಬಹುದು, ಯಾರ ಹಂಗೂ ಇಲ್ಲ ಎಂದು ಶುರು ಮಾಡಿದರೆ ಎದುರಿಗಿದ್ದವರ ಕಾಫಿ ಆರಿ ನೀರಾಗುವವರೆಗೂ ಬಿಡುವುದಿಲ್ಲ. ನನ್ನದು ಮ್ಯಾಕ್, ಅದೂ ಸೆಕೆಂಡ್ ಹ್ಯಾಂಡ್. ನಾವಿಬ್ಬರೂ ಸಂಗೀತ ಮಾಡಿಕೊಡುವ ಗೊಂಬೆಯಾಟದ ತಂಡದಲ್ಲಿರುವುದು ವಿಂಡೋಸ್ ಹಾಕಿದ ಒಂದು ಮುದಿ ಕಂಪ್ಯೂಟರ್. ಅದರ ಫ್ಯಾನ್ ಹಾಡಿಗಿಂತ ಜೋರು.

ಮೂರರಲ್ಲೂ ನಡೆಯುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದನ್ನು ಹುಡುಕಿ ಹಾಕಿಕೊಂಡಾಗ, ಇನ್ನು ಚಿಂತೆಯಿಲ್ಲ ಅಂದುಕೊಂಡೆವು. ಎಲ್ಲಿಯ ಮಾತು. ಪಿಯಾನೋ ದನಿ ಕೊಡುವ ನನ್ನ ಪ್ಲಗಿನ್ ಲಿನಕ್ಸಿಗೆ ಬಂದೇ ಇಲ್ಲವಾದ್ದರಿಂದ ಭಾವನ ಮನೆಯಲ್ಲಿ ಪಿಯಾನೋ ಬಾಯಿ ಬಿಡುತ್ತಿರಲಿಲ್ಲ. ಅವರ ಕೊಳಲು ನನ್ನಲ್ಲಿ ಮೌನವ್ರತ ಹಿಡಿಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಫೋನಿನಲ್ಲಿ ರೇಗಿ, ಅವರು ಪಾಠ ಹೇಳಿ, ಕೊನೆಗೆ ಒಂದು ಕಟ್ಟಳೆಗೆ ಬಂದೆವು. ಪ್ರತಿ ವಾದ್ಯವನ್ನೂ ಮೊದಲಿನಿಂದ ಕೊನೆಯವರೆಗೆ ಬರೀ ಆಡಿಯೋ ಫೈಲ್ ಮಾಡಿ ಕಳಿಸುವುದು. ಹಸಿ ತರಕಾರಿ ಕಳಿಸಬೇಡ, ಬೇಯಿಸಿ ಕಳಿಸು ಎನ್ನುತ್ತಿದ್ದರು ಭಾವ. ಅಂದಿನಿಂದ ಜಗಳ ಕಡಿಮೆಯಾಯಿತು.

ಇಷ್ಟರಲ್ಲಿ ನಿದ್ದೆ ಬಾರದ ಆನೆಯ ಕಥೆಯೊಂದಕ್ಕೆ ಜೋಗುಳ ಬೇಕಾಯಿತು. ರಾಗ ನಾನು ಹಾಕಿದೆ. ದನಿ ಮಾತ್ರ ನನಗೆ ಅಕ್ಕನದೇ ಬೇಕಿತ್ತು.

ಅಕ್ಕನ ಹಾಡು ಕೇಳಿಯೇ ಭಾವ ಅವಳನ್ನು ಮದುವೆಯಾದದ್ದು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಕೆಳಗಿಳಿಯಿತು, ತುಸು ಒರಟಾಯಿತು. ಆಮೇಲೆ ಬಟ್ಟೆ ಮಡಚುವಾಗಲೂ ಅವಳು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಗೋಗರೆದು ನನ್ನ ಕೋಣೆಗೆ ಕರೆತಂದೆ. ಮೈಕಿನ ಮುಂದೆ ನಿಂತು ಅವಳು ಹಾಕಿದ್ದು ಒಂದೇ ಷರತ್ತು.

"ಕೇಳಿದ್ಮೇಲೆ ನನಗೆ ಹಿಡಿಸ್ಲಿಲ್ಲ ಅಂದ್ರೆ ಅಳಿಸಿಬಿಡ್ಬೇಕು. ಇನ್ಯಾವತ್ತೂ ನನ್ನ ಹಾಡು ಅಂತ ಕರೀಬಾರ್ದು."

ಒಪ್ಪಿದೆ. ಹಾಡಿದಳು. ನನಗೆ ಅಳು ಬಂತು. ಅವಳು ಮಾತ್ರ ಕೇಳಿಸಿಕೊಳ್ಳಲೂ ನಿಲ್ಲದೆ ಚಪ್ಪಲಿ ಮೆಟ್ಟಿ ಹೊರಟುಹೋದಳು. ನಾನು ಎಲ್ಲವನ್ನೂ ಬೇಯಿಸಿ, ಹದ ಮಾಡಲೆಂದು ಭಾವನಿಗೆ ಕಳಿಸಿದೆ. ಅವರು ಮುಗಿಸಿ ನೇರವಾಗಿ ತಂಡಕ್ಕೆ ರವಾನಿಸಿದರು.

ಮರುದಿನ ಅಕ್ಕನೇ ಫೋನ್ ಮಾಡಿದಳು. ಹಾಡು ಕೇಳಿದೆ, ದನಿ ವಾಪಸ್ ಬಂದಿದೆ ಕಣೇ, ಮೊದಲಿನ ಹಾಗೇ ಇದೆ, ನಾನೇ ಸುಮ್ಮನೆ ಹೆದರಿಕೊಂಡಿದ್ದೆ ಎಂದಳು. ಮನೆತುಂಬ ಹಾಡಿಕೊಂಡು ಓಡಾಡುತ್ತಿದ್ದಾಳೆಂದು ಭಾವನೂ ಹೇಳಿದರು. ತಂಡದ ಯಜಮಾನಿಯನ್ನು ನಾವೆಲ್ಲ ಗೊಂಬೆಯಮ್ಮ ಎನ್ನುತ್ತೇವೆ. ಪಿಯಾನೋ ರೆಕಾರ್ಡಿನದೇ ಇರಲಿ, ನೀವು ಪರದೆಯ ಹಿಂದೆ ನಿಂತು ಹಾಡುತ್ತೀರಾ ಎಂದು ಅವರು ಕೇಳಿದ್ದೇ ತಡ, ಅಕ್ಕ ಒಪ್ಪಿಕೊಂಡಳಂತೆ. ಸ್ವರ್ಗಕ್ಕೆ ಮೂರೇ ಗೇಣು ನನಗೆ.

ಆ ಗೊಂಬೆಯಮ್ಮನೇ ತಕರಾರು ತೆಗೆದದ್ದು. ನಾನು ಮೊದಲು ಗುನುಗಿ ಕಳಿಸಿದ್ದ ಹಾಡಿಗೆ ಅವರು ಆನೆಯನ್ನು ಪಳಗಿಸಿದ್ದರು. ಒಂದೊಂದು ಸಾಲಿಗೆ ಒಂದೊಂದು ಕಾಲು ಮಡಚಬೇಕು, ಆಮೇಲೆ ಸೊಂಡಿಲು, ಕೊನೆಯ ಮಾತಿಗೆ ರೆಪ್ಪೆ. ಈಗ ಹಾಡು ಮುಗಿದರೂ ಆನೆಯ ಒಂದು ಕಾಲು ಗಾಳಿಯಲ್ಲೇ ಇರುತ್ತದೆ, ಯಾಕಮ್ಮ ಓಡಿಸಿದೆ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಹಾಡಿನ ವೇಗವನ್ನು ನಾನು ಮುಟ್ಟಿಯೇ ಇರಲಿಲ್ಲ. ಭಾವನಿಂದ ಫೈಲ್ ತರಿಸಿ ಕೇಳಿದೆ.

ಅದರಲ್ಲಿದ್ದದ್ದು ಮದುವೆಗೆ ಮುಂಚಿನ ಅಕ್ಕ. ಪಿಯಾನೋ ಕೂಡ ಒಂದೂವರೆ ಸ್ವರಸ್ಥಾನ ಮೇಲೆ ಹತ್ತಿ ಕೂತಿತ್ತು.

ಆದದ್ದಿಷ್ಟು. ಕಂಪ್ಯೂಟರ್ ಸದ್ದನ್ನು ಸಣ್ಣ ಸಣ್ಣ ಚೂರು ಮಾಡಿ ಇಟ್ಟುಕೊಳ್ಳುತ್ತದೆ. ನಾನು ಸೆಕೆಂಡಿಗೆ ನಲವತ್ನಾಲ್ಕು ಸಾವಿರ ಚೂರಿನಂತೆ ತುಂಬಿದ್ದನ್ನು, ಭಾವ ನಲವತ್ತೆಂಟು ಸಾವಿರಕ್ಕೆ ಇಟ್ಟಿದ್ದ ತಮ್ಮ ಯಂತ್ರದಲ್ಲಿ ಓಡಿಸಿದ್ದರು. ಹಾಡು ಓಡಿತು, ದನಿ ಏರಿತು, ಅಕ್ಕನಿಗೆ ಹರೆಯ ಬಂತು. ಯಂತ್ರ ಪಾಪ ಎಚ್ಚರಿಕೆ ಕೊಟ್ಟಿತ್ತು. ಯಾವುದೇ ಷರತ್ತನ್ನು ಕೊನೆಯ ಸಾಲಿನವರೆಗೆ ಓದುವ ಭಾವ ಅದೊಂದನ್ನು ಓದದೆ 'ಸರಿ' ಒತ್ತಿದ್ದರು, ಅಕ್ಕ ಬೆನ್ನ ಹಿಂದೆ ನಿಂತು ಆಯ್ತಾ ಆಯ್ತಾ ಎನ್ನುತ್ತಿದ್ದಳೆಂದು.

ಅವರ ಮನೆಗೆ ಹೋಗಿ ಬಾಲ್ಕನಿಯಲ್ಲಿ ಪಿಸುದನಿಯಲ್ಲೇ ಕೂಗಾಡಿದೆ. ಭಾವನ ಮುಖ ಇಳಿದುಹೋಯಿತು. ಆನೆಯನ್ನೇ ಬೇಗ ಮಲಗಿಸಲು ಹೇಳೋಣ ಎಂದರು. ಆಟದ ದಿನ ಆ ಎತ್ತರಕ್ಕೆ ಅವಳ ಗಂಟಲು ಹೋಗುತ್ತದಾ ಎಂದೆ. ಒಳಗಿನಿಂದ ಅಕ್ಕ ಹಾಡುವುದು ಕೇಳುತ್ತಿತ್ತು, ತನ್ನ ಈಗಿನ ತಗ್ಗು ದನಿಯಲ್ಲೇ. ಮನೆಯಲ್ಲಿ ಶ್ರುತಿ ಅಳೆಯುವವರು ಯಾರು?

"ಎರಡು ವರ್ಷ ಆದ್ಮೇಲೆ ಹಾಡ್ತಿದಾಳೆ," ಎಂದರು ಭಾವ. "ನಾನು ಹೇಗಮ್ಮ ಹೇಳ್ಲಿ?"

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಇಬ್ಬರೂ ತಾಲೀಮಿನ ದಿನದವರೆಗೆ ತಳ್ಳಿದೆವು. ಅಂದು ಅಕ್ಕ ಪರದೆಯ ಹಿಂದೆ ನಿಂತಳು. ಮುದಿ ಕಂಪ್ಯೂಟರಿನಿಂದ ಭಾವ ಕಳಿಸಿದ್ದ ಪಿಯಾನೋ ಬಂತು. ಮೊದಲ ಸಾಲನ್ನು ಹೇಗೋ ಏರಿದಳು. ಎರಡನೆಯದರಲ್ಲಿ ದನಿ ಒಡೆಯಿತು. ಕೆಮ್ಮಿ, ನೀರು ಕುಡಿದು, ಮತ್ತೆ ಹಾಡಿದಳು. ಅಲ್ಲಿಯೇ ಒಡೆಯಿತು.

ನಾನು ಎದ್ದೆ. ನನಗಿಂತ ಮೊದಲು ಭಾವ ಅವಳ ಹತ್ತಿರ ಹೋಗಿದ್ದರು. ತಪ್ಪು ನಿನ್ನದಲ್ಲ, ನನ್ನದು ಎಂದು ಎಲ್ಲವನ್ನೂ ಹೇಳಿದರು. ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರಿನ ವಿಷಯವನ್ನು ಚಿಕ್ಕದಾಗಿ ಮುಗಿಸಿದರು.

"ಹಾಗಾದ್ರೆ ಆ ಹುಡುಗಿ ನಾನಲ್ಲ," ಎಂದಳು ಅಕ್ಕ. ಚೀಲ ಹೆಗಲಿಗೇರಿಸಿ ನನ್ನತ್ತ ತಿರುಗಿದಳು. "ಮಾತು ಕೊಟ್ಟಿದ್ಯಲ್ಲ. ಅಳಿಸಿಬಿಡು."

ಪರದೆಯ ಆ ಕಡೆ ಗೊಂಬೆಯಮ್ಮ ಇನ್ನೂ ಆನೆಯನ್ನು ಎತ್ತಿ ಹಿಡಿದೇ ಇದ್ದರು. ನಿಮ್ಮನಿಮ್ಮ ಪಂಚಾಯಿತಿ ಆಮೇಲೆ ಮಾಡಿಕೊಳ್ಳಿ, ನನ್ನ ರಟ್ಟೆ ಬಿದ್ದುಹೋಗುತ್ತಿದೆ, ಸರಿಯಾದ ಅಳತೆಯದಕ್ಕೆ ಒಂದು ಸಲ ಹಾಡಿ ಇದನ್ನು ಮಲಗಿಸಿ ಹೋಗಿ ಎಂದರು. ಅಕ್ಕ ಯಾರ ಕೈಯನ್ನೂ ನೋಯಿಸುವವಳಲ್ಲ. ನಾನು ನನ್ನ ಪೆನ್‌ಡ್ರೈವ್ ಚುಚ್ಚಿ ಮೂಲ ಪಿಯಾನೋ ಹಾಕಿದೆ.

ಚೀಲ ಹೆಗಲ ಮೇಲಿರುವಂತೆಯೇ ಹಾಡಿದಳು. ತಗ್ಗಿನಲ್ಲಿ, ನಿಧಾನವಾಗಿ. ಆನೆ ಒಂದು ಕಾಲು ಮಡಚಿತು. ಇನ್ನೊಂದು. ನಾಲ್ಕೂ ಮಡಚಿ, ಸೊಂಡಿಲು ಇಳಿಸಿ, ಕೊನೆಯ ಮಾತಿಗೆ ರೆಪ್ಪೆ ಮುಚ್ಚಿತು. ಗೊಂಬೆಯಮ್ಮ ದಾರವನ್ನು ಸಡಿಲಿಸಲಿಲ್ಲ. ಎಚ್ಚರವಾದೀತೇನೋ ಎಂಬಂತೆ ನಿಂತೇ ಇದ್ದರು. ಅಕ್ಕ ಪರದೆ ಸರಿಸಿ ಆನೆಯನ್ನು ಬಹಳ ಹೊತ್ತು ನೋಡಿದಳು.

ಆಮೇಲೆ ಚೀಲ ಕೆಳಗಿಟ್ಟಳು.

"ರೀ, ಆ ಹುಡುಗಿದನ್ನ ಅಳಿಸಿ," ಎಂದಳು ಭಾವನಿಗೆ. "ಇದು ಇರ್ಲಿ."

ಭಾವ ಮುದಿ ಕಂಪ್ಯೂಟರಿನಲ್ಲಿ ಆ ಫೈಲನ್ನು ಅಳಿಸಲು ಹೋದರು. ಖಾತ್ರಿಯೇ ಎಂದು ಕಂಪ್ಯೂಟರ್ ಕೇಳಿತು. ಈ ಸಲ ಆ ಎಚ್ಚರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಮತ್ತೊಮ್ಮೆ ಓದಿದರು, ಆದರೂ ಒತ್ತಲು ಬೆರಳು ಏಳಲಿಲ್ಲ. ಆ ದನಿ ಅವರಿಗೂ ಬೇಕಾಗಿತ್ತೆಂದು ನನಗೆ ಹೊಳೆದದ್ದು ಆಗ. ಅಕ್ಕನಿಗೆ ಅದು ಮೊದಲೇ ಗೊತ್ತಿತ್ತೇನೋ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಅವರ ಕೈಯ ಮೇಲೆ ಕೈಯಿಟ್ಟು, 'ಸರಿ'ಯನ್ನು ತಾನೇ ಒತ್ತಿದಳು.