ಐಸ್ ಪ್ಲಾಂಟಿಗೆ ಕಲ್ಲು ಹೊತ್ತವರು

ಗಂಗೊಳ್ಳಿಯಲ್ಲಿ ಊರವರೆಲ್ಲ ಸೇರಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಒಂದು ಕಟ್ಟಳೆ. ಹಗ್ಗಕ್ಕೆ ಕೈ ಹಚ್ಚಿದವನಿಗೆ ಮೀನಿನಲ್ಲಿ ಪಾಲು ಉಂಟು. ಅವನು ಯಾರು, ಯಾವಾಗ ಬಂದ ಎಂದು ಯಾರೂ ಕೇಳುವುದಿಲ್ಲ. ಈ ಕಟ್ಟಳೆಯನ್ನು ಕಡಲಿನ ಹೊರಗಿನ ಕೆಲಸಕ್ಕೂ ನಂಬಿಯೇ ಮೀನುಗಾರರ ಕೇರಿಯ ಹುಡುಗ ಐತ ಕೆಟ್ಟ.

ಮೋಟಾರು ಬೋಟುಗಳು ಬಂದ ಹೊಸತು. ಪರವೂರಿನ ಸಾಹುಕಾರರೊಬ್ಬರು ಬಂದರಿನ ಹತ್ತಿರ ಐಸ್ ಪ್ಲಾಂಟ್ ಕಟ್ಟಲು ಹೊರಟರು. ಐತನ ಸೋದರಮಾವ ದುಗ್ಗಪ್ಪ ಕೇರಿಯ ಹುಡುಗರನ್ನೆಲ್ಲ ಕೂರಿಸಿಕೊಂಡು ಹೇಳಿದ:

"ಈಗ ಕೂಲಿ ಕೇಂಬುದ್ ಬ್ಯಾಡ. ಎಲ್ರೂ ಕೈ ಹಚ್ಚಿ. ಕಟ್ಟಿ ಮುಗ್ದ್ ಮೇಲೆ ಒಳ್ಗಿನ್ ಕೆಲ್ಸ ನಿಮ್ಗೇ. ರಂಪಣಿ ಇದ್ದಾಂಗೆ."

ಸೋದರಮಾವನ ಮಾತೆಂದರೆ ಆ ಮನೆಗಳಲ್ಲಿ ಅಪ್ಪನ ಮಾತಿಗಿಂತ ಒಂದು ತೂಕ ಹೆಚ್ಚೇ. ಐತನಿಗೋ ಬೊಂಬಾಯಿ ಹೋಟೆಲಿನಲ್ಲಿ ಲೋಟ ತೊಳೆಯುವ ಬದುಕು ಬೇಡವಾಗಿತ್ತು. ಅಣ್ಣ ಹೋಗಿದ್ದನಲ್ಲ, ಊರಿಗೆ ಬಂದಾಗ ಬೆರಳ ಸಂದಿಯೆಲ್ಲ ಹುಣ್ಣು. ಊರಲ್ಲೇ ತಿಂಗಳ ಸಂಬಳ, ಮಳೆಗಾಲದಲ್ಲೂ ನಿಲ್ಲದ ಕೆಲಸ ಎಂದರೆ ಯಾರಿಗೆ ಬೇಡ? ಚಳಿಗಾಲವಿಡೀ ಐತ ಮುರಕಲ್ಲು ಹೊತ್ತ, ಬಾವಿ ತೋಡಿದ.

ಪ್ಲಾಂಟು ಶುರುವಾದ ದಿನ ಒಗೆದ ಅಂಗಿ ತೊಟ್ಟು ಹೋದ. ಒಳಗೆ ಗುರುತೇ ಇಲ್ಲದ ಹುಡುಗರು ಮಂಜುಗಡ್ಡೆ ಜಾರಿಸುತ್ತಿದ್ದರು. ಗೇಟಿನಲ್ಲಿ ಹೊಸ ಖಾಕಿ ಅಂಗಿ ತೊಟ್ಟು ದುಗ್ಗಪ್ಪ ನಿಂತಿದ್ದ. ಊರಿಗೆ ಸಿಕ್ಕಿದ ಒಂದೇ ಕೆಲಸ ಅದು.

"ಮಾವ, ನಮ್ ಕೆಲ್ಸ?"

"ಮಿಷನ್ ಕೆಲ್ಸ ಕಲ್ತವ್ರಿಗ್ ಮಾತ್ರ ಅಂಬ್ರ್, ಮಾಣಿ."

"ಕಲ್ಸಿರೆ ನಾವ್ ಕಲೀತಿರ್ಲಿಲ್ಯಾ? ಇದ್ ನಿಮ್ಗ್ ಯಾವಾಗ ಗೊತ್ತಾಯ್ತ್?"

"ಸಾವ್ಕಾರ್ರ್ ಸುರೂವಿಗೇ ಹೇಳಿರ್. ನಿಮ್ಗ್ ಹೇಳಿರೆ ನೀವ್ ಕಲ್ಲ್ ಹೊರ್ತಿದ್ರ್ಯಾ?" ಎಂದ ದುಗ್ಗಪ್ಪ, ಒಂಚೂರೂ ನಾಚದೆ.

ಥೂ, ಇದೊಂದು ಮಾವನ ಜನ್ಮವೇ. ಹೊರಗಿನವನು ಮೋಸ ಮಾಡಿದ್ದರೆ ಐತ ನಾಲ್ಕು ಬೈದು ಹಗುರಾಗುತ್ತಿದ್ದ. ಇವನು ಎತ್ತಿ ಆಡಿಸಿದವನು, ಮೊದಲ ಸಲ ದೋಣಿ ಹತ್ತಿಸಿದವನು.

"ಬೇಜಾರ್ ಮಾಡ್ಬೇಡ. ಬೊಂಬಾಯ್ ಹೋಟ್ಲಿಗೆ ನಾನ್ ಹೇಳಿಸ್ತೆ," ಎನ್ನುತ್ತ ದುಗ್ಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

ಐತ ಆ ಕೈ ಸರಿಸಿದ. "ಹ್ವಾಯ್, ನೀವ್ ಯಾರ್?" ಎಂದು ಕೇಳಿ ತಿರುಗಿ ನಡೆದ.

ಮನೆಯಲ್ಲಿ ತಾಯಿ ಸುಗುಣ ಅಂಜಲ್ ಮೀನು ಹುರಿಯುತ್ತಿದ್ದಳು. "ಮಾವನಿಗ್ ಊಟಕ್ ಬಪ್ಪುಕ್ ಹೇಳಿದ್ಯಾ? ನಿಂಗ್ ಕೆಲ್ಸ ಕೊಡ್ಸಿದ್ ಅವ್ನೇ ಅಲ್ದಾ?" ಎಂದಳು, ಮುಖವೆಲ್ಲ ನಗು.

ತಮ್ಮನ ಮೇಲೆ ಅವಳಿಗೆ ಎಷ್ಟು ಜೀವವೆಂದು ಐತನಿಗೆ ಗೊತ್ತಿತ್ತು. ಆ ನಗುವನ್ನು ಕೊಲ್ಲಲು ಅವನಿಗೆ ಮನಸ್ಸಾಗಲಿಲ್ಲ.

"ಕೆಲ್ಸ ಸಿಕ್ಕಿತ್, ಅಮ್ಮ," ಎಂದ. "ಬೊಂಬಾಯ್ ಹೋಟ್ಲಲ್ಲಿ."