ಪಾಲಿಗೆ ಬಾರದ ಪೈಪು

ನಾನು ಒಂದು ಕಕ್ಕಸಿನ ಪೈಪು. ನೋಡಿ, ಆಗಲೇ ಮುಖ ಸಿಂಡರಿಸಿದಿರಿ! ಸಿಂಡರಿಸಿ, ನನಗೇನೂ ಬೇಸರವಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನನ್ನ ಹೆಸರೆತ್ತಿದ ಕೂಡಲೇ ಮನುಷ್ಯರು ಮಾತು ಬದಲಿಸುತ್ತಾರೆ. ಆ ಚಾಳಿಯಿಂದಲೇ ಒಂದು ಮನೆಯಲ್ಲಿ ಆಗಬಾರದ್ದು ಆಗಿಹೋಯಿತು. ಅದನ್ನೇ ಹೇಳಬೇಕೆಂದು ಹೊರಟಿದ್ದೇನೆ. ಸ್ವಲ್ಪ ಹೊತ್ತು ಮೂಗಿನ ಗೊಡವೆ ಬಿಟ್ಟು ಕೇಳಿ.

ನನ್ನ ಹುಟ್ಟೇನೂ ಹೊಲಸಿನದಲ್ಲ. ಕೆರೆಯಂಗಳದ ಒಳ್ಳೆ ಜೇಡಿಮಣ್ಣು ನಾನು. ಕಾರ್ಖಾನೆಯಲ್ಲಿ ಹದವಾಗಿ ಕಲಸಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ ಭಟ್ಟಿಗೆ ಹಾಕಿದರು. ಉರಿ ಏರಿದಾಗ ಮೇಲಿಂದ ಉಪ್ಪು ಎರಚಿದರು. ಉಪ್ಪು ಚಟಪಟ ಸಿಡಿದು ಮೈಗೆಲ್ಲ ಹತ್ತಿ ಕಂದು ಬಣ್ಣದ ಮೆರುಗು ಬಂತು. ತುಕ್ಕು ಹಿಡಿಯದ, ಹುಳ ಹತ್ತದ ಮೈ ನನ್ನದು. ಇದ್ದ ಕೊರತೆ ಒಂದೇ, ಪೆಟ್ಟು ಬಿದ್ದರೆ ತಡೆಯುವವನಲ್ಲ.

ಹುಲ್ಲಿನ ಮೆತ್ತೆಯಲ್ಲಿ ಮಲಗಿಸಿ ನನ್ನನ್ನೂ ನನ್ನ ಜೊತೆಯವರನ್ನೂ ಲಾರಿಯಲ್ಲಿ ದಾವಣಗೆರೆಗೆ ತಂದರು. ಆಗ ಆ ಬಡಾವಣೆಗೆ ಹೊಸದಾಗಿ ಒಳಚರಂಡಿ ಬಂದಿತ್ತು. ನನ್ನನ್ನು ಕೊಂಡವರು ಹತ್ತಿ ಮಿಲ್ಲಿನ ಫಿಟ್ಟರ್ ಹಾಲಪ್ಪನವರು. ಅಂಗಡಿಯಲ್ಲಿ ನನ್ನನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಟಣ್ ಎಂದು ಬಾರಿಸಿ, "ಇದು ಚಲೋ ಐತಿ" ಎಂದು ಒಪ್ಪಿಕೊಂಡರು. ನನ್ನನ್ನು ಹಾಗೆ ಹೊಗಳಿದವರು ಆಮೇಲೆ ಯಾರೂ ಸಿಗಲಿಲ್ಲ, ಅದಕ್ಕೇ ಆ ಮಾತು ಇನ್ನೂ ನೆನಪಿದೆ.

ಹಾಲಪ್ಪನವರು ಗುಂಡಿಯ ಪಕ್ಕ ತಾವೇ ಕೂತು ರಸಮಟ್ಟ ಹಿಡಿದು ನನಗೆ ಇಳಿಜಾರು ಕೊಟ್ಟರು. ಹಿಂದಿನ ಬಚ್ಚಲಿನಿಂದ ಹೊರಟು, ಮನೆಯ ಬಡಗಣ ಗೋಡೆಯ ಗುಂಟ ಬಂದು, ಅಂಗಳದ ಈಶಾನ್ಯ ಮೂಲೆ ದಾಟಿ ರಸ್ತೆಯ ಚೇಂಬರಿಗೆ ಸೇರುವ ಸಾಲು ನಮ್ಮದು. ಈಶಾನ್ಯ ಮೂಲೆಯ ಜಾಗ ನನ್ನ ಪಾಲಿಗೆ ಬಂತು. ಮಣ್ಣು ಮುಚ್ಚುವ ಮುಂಚೆ ಅವರು ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದು ಗುಂಡಿಯ ಪಕ್ಕ ನಿಲ್ಲಿಸಿದರು. "ನೋಡ್ಕಳ್ರಲೇ, ಇಲ್ಲೈತಿ ಪೈಪು. ರಸ್ತೆ ಚೇಂಬರ್ ತನಕ ನಮ್ಮದೇ ಜವಾಬ್ದಾರಿ, ಆ ಕಡಿಗೆ ಮುನಿಸಿಪಾಲ್ಟಿದು. ಈ ಮೂಲೆಗೆ ಯಾರೂ ಗುದ್ದಲಿ ಹಾಕಬ್ಯಾಡ್ರಿ" ಎಂದರು. ದೊಡ್ಡವನು ರೇವಣ್ಣ, ಚಿಕ್ಕವನು ಮರುಳಪ್ಪ. ಇಬ್ಬರೂ ಮೂಗು ಮುಚ್ಚಿಕೊಂಡು ತಲೆಯಾಡಿಸಿದರು. ಆಗಿನ್ನೂ ನನ್ನೊಳಗೆ ಒಂದು ಚೊಂಬು ನೀರೂ ಹರಿದಿರಲಿಲ್ಲ, ಆದರೂ ಮೂಗು ಮುಚ್ಚಿದರು!

ಅದೇ ವಾರ ಮನೆಗೆ ನಲ್ಲಿಯೂ ಬಂತು. ಅದರ ಸಡಗರ ಏನು ಕೇಳುತ್ತೀರಿ! ನಲ್ಲಿಗೆ ಅರಿಶಿನ ಕುಂಕುಮ, ಸೇವಂತಿಗೆ ಹೂವು, ಗಂಗಮ್ಮನ ಪೂಜೆ, ಓಣಿಗೆಲ್ಲ ಕೋಸಂಬರಿ. ನನಗೆ ಒಂದು ಊದುಬತ್ತಿಯೂ ಇಲ್ಲ. ಬರುವ ನೀರು ಗಂಗೆ, ಹೋಗುವ ನೀರು ಹೊಲಸು. ಎರಡೂ ಒಂದೇ ಮನೆಯ ನೀರು ಎಂದು ನಾನು ಹೇಳಿದರೆ ಯಾರು ಕೇಳುತ್ತಾರೆ? ಆದರೆ ಹಾಲಪ್ಪನವರಿಗೆ ಆ ಭೇದವಿರಲಿಲ್ಲ. ಪ್ರತಿ ಹಬ್ಬದ ಮರುದಿನ ಬಚ್ಚಲ ಪಕ್ಕದ ಚಿಕ್ಕ ಚೇಂಬರಿನ ಮುಚ್ಚಳ ತೆಗೆದು, ಹಂಡೆಯಲ್ಲಿ ಉಳಿದ ಬಿಸಿನೀರನ್ನು ಬಕೆಟ್ಟಿನಲ್ಲಿ ತಂದು ಸುರಿಯುತ್ತಿದ್ದರು. ಹೋಳಿಗೆಯ ಜಿಡ್ಡು, ಎಣ್ಣೆ ಸ್ನಾನದ ಸೀಗೆಪುಡಿ, ಎಲ್ಲ ಜರ್ರನೆ ಹರಿದು ಹೋಗುತ್ತಿತ್ತು. ನನ್ನ ಅಭ್ಯಂಜನ ಅದೇ. ಅವರಿದ್ದ ಕಾಲದಲ್ಲಿ ಆ ಮನೆಯಲ್ಲಿ ಒಂದು ದಿನವೂ ನೀರು ಕಟ್ಟಲಿಲ್ಲ.

ಹಾಲಪ್ಪನವರು ತೀರಿಕೊಂಡ ವರ್ಷ ತಿರುಗುವುದರೊಳಗೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವಾಡಿಯೇನಲ್ಲ, ಒಪ್ಪಿಕೊಂಡೇ ಬೇರೆಯಾದರು. ಒಳ್ಳೆ ದಿನ ನೋಡಿ, ಪಡಸಾಲೆಯಲ್ಲಿ ಜಮಖಾನ ಹಾಸಿ, ಹಿರಿಯರನ್ನು ಕೂರಿಸಿ, ನಡುವೆ ಎಲೆ ಅಡಿಕೆ ತಟ್ಟೆ ಇಟ್ಟರು. ಮುಂದಿನ ಭಾಗ ಅಣ್ಣನಿಗೆ, ಹಿಂದಿನ ಭಾಗ ತಮ್ಮನಿಗೆ. ನಡುವೆ ಆಳೆತ್ತರಕ್ಕಿಂತ ಗಿಡ್ಡ ಗೋಡೆ. ತೆಂಗಿನಮರ, ಒಳಕಲ್ಲು, ಹಂಡೆ, ತೊಟ್ಟಿಲು, ಕಬ್ಬಿಣದ ಪೆಟ್ಟಿಗೆ, ಒಂದೊಂದಕ್ಕೂ ಪಾಲಾಯಿತು.

"ಇನ್ನೇನಾದ್ರೂ ಉಳಿದೈತೇನ್ರಪಾ?" ಎಂದರು ಹಿರಿಯರು.

ಬಾಗಿಲ ಮರೆಯಲ್ಲಿ ನಿಂತಿದ್ದ ದೊಡ್ಡ ಸೊಸೆ ದಾಕ್ಷಾಯಣಿ ಮೆಲ್ಲಗೆ, "ಆ ಕಕ್ಕಸಿನ ಪೈಪು... ಎರಡೂ ಮನೆದು ಒಂದೇ ಪೈಪು ಐತ್ರಿ. ಅದು ಕಟ್ಕೊಂಡ್ರೆ ಯಾರು ನೋಡ್ಬೇಕು?" ಎಂದಳು.

ಪಡಸಾಲೆಯಲ್ಲಿ ನಗೆ ಎದ್ದಿತು. ಹಿರಿಯರು ತಟ್ಟೆಯನ್ನು ಒಂದಿಷ್ಟು ಸರಿಸಿಟ್ಟು, "ಶುಭ ಕೆಲಸದಾಗೆ, ಎಲೆ ಅಡಿಕೆ ಮುಂದೆ, ಅಂಥ ಮಾತು ಯಾಕವ್ವಾ? ಅಣ್ಣತಮ್ಮರು ಅದಕ್ಕೂ ಜಗಳ ಆಡ್ತಾರೇನು?" ಎಂದರು. ರೇವಣ್ಣ ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿದ. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು. ಎಲೆ ಅಡಿಕೆ ಹಂಚಿದರು, ಎಲ್ಲರೂ ಊಟಕ್ಕೆದ್ದರು. ನೆಲದ ಮೇಲಿನದೆಲ್ಲ ಇಬ್ಬರಿಗೂ ಹಂಚಿಹೋಯಿತು, ನೆಲದ ಕೆಳಗಿದ್ದ ನಾನು ಯಾರ ಪಾಲಿಗೂ ಬರಲಿಲ್ಲ.

ಬೇರೆಯಾದ ಮೇಲೆ ರೇವಣ್ಣನ ವ್ಯಾಪಾರ ಸ್ವಲ್ಪ ಮಂಕಾಯಿತು. ಯಾರೋ ವಾಸ್ತು ಹೇಳುವವನು ಬಂದು ಅಂಗಳದಲ್ಲಿ ಅತ್ತಿತ್ತ ಓಡಾಡಿ, "ನೀರು ಈಶಾನ್ಯಕ್ಕೆ ಬರ್ಬೇಕು. ಸಂಪು ಅಲ್ಲೇ ತೆಗೆಸ್ರಿ, ಲಕ್ಷ್ಮಿ ತಾನಾಗೇ ಬರ್ತಾಳೆ" ಎಂದ. ಅವನು ಕಾಲೂರಿ ನಿಂತದ್ದು ನನ್ನ ನೆತ್ತಿಯ ಮೇಲೆ. ನನಗೆ ಎರಡು ಕಡೆಯೂ ಬಾಯಿ, ಆದರೆ ಮಾತಿಲ್ಲವಲ್ಲ! "ರೇವಣ್ಣಾ, ನಿಮ್ಮಪ್ಪ ಹೇಳಿದ್ದು ಮರೆತೆಯೇನೋ!" ಎಂದು ಎಷ್ಟು ಕೂಗಿಕೊಂಡರೂ ಯಾರಿಗೆ ಕೇಳೀತು?

ನನ್ನ ಮಗ್ಗುಲಿಗೇ ಗುಂಡಿ ತೋಡಿದರು. ಹಾರೆ ಒಂದು ಸಲ ನನ್ನ ಕುತ್ತಿಗೆಗೆ ತಗುಲಿತು. ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಪಕ್ಕದ ಮಣ್ಣು ಕುಸಿದು ನಾನೂ ಪಕ್ಕದ ಪೈಪೂ ಸೇರುವ ಕಡೆ ಸಿಮೆಂಟು ಕಿತ್ತುಬಂತು. ಅಗೆಯುವವರು ನೋಡಿ ಹೇಳಿದರು ಕೂಡ. "ಸಾವ್ಕಾರ್ರೇ, ಇಲ್ಲೊಂದು ಪೈಪು ಐತ್ರಿ, ಸ್ವಲ್ಪ ಅಲ್ಲಾಡೈತಿ." ರೇವಣ್ಣ ನಿಂತಲ್ಲಿಂದಲೇ, "ಅದು ಹಿಂದಿನ ಮನೇದು. ಮುಚ್ರಿ ಅತ್ಲಾಗೆ" ಎಂದ. ಮುಚ್ಚಿದರು. ಸಂಪಿನ ಗೋಡೆ ಎದ್ದಿತು, ಹೊಸ ನೀರು ತುಂಬಿತು, ಮತ್ತೆ ಗಂಗಮ್ಮನ ಪೂಜೆಯಾಯಿತು. ಅದರ ಪಕ್ಕದಲ್ಲೇ ನಾನು ತೊಟ್ಟಿಕ್ಕುತ್ತಿದ್ದೆ.

ಮೊದಲು ಅಂಗಳದ ಆ ಮೂಲೆ ಒಣಗದೆ ಹಸಿ ಹಸಿಯಾಗಿ ಉಳಿಯಿತು. ಆಮೇಲೆ ಅಲ್ಲಿ ಕೆಸುವಿನ ಗಿಡ ಎದ್ದು ಮೊರದಗಲದ ಎಲೆ ಬಿಟ್ಟಿತು. ಬೇಸಿಗೆಯಲ್ಲೂ ಅದು ಬಾಡಲಿಲ್ಲ. ಹಿಂದಿನ ಮನೆಯ ಬಚ್ಚಲಲ್ಲಿ ನೀರು ನಿಂತು ನಿಂತು ಹೋಗತೊಡಗಿತು. ದಾಕ್ಷಾಯಣಿ ಗಂಡನಿಗೆ ಹೇಳಿದಳು. ಅವನು, "ಹರಿಯೋದು ಅವನ ಮನೆ ಹೊಲಸು. ಅವನೇ ಮಾಡಿಸ್ಲಿ, ನಾನ್ಯಾಕೆ ಮಾಡಿಸ್ಲಿ?" ಎಂದ. ಗೋಡೆಯಾಚೆ ಮರುಳಪ್ಪನದು ಇನ್ನೊಂದು ರಾಗ. "ಪೈಪು ಇರೋದು ಅಣ್ಣನ ಜಾಗದಾಗೆ. ನಾನು ಹೋಗಿ ಅಗದ್ರೆ ನನ್ನ ಜಾಗ ಯಾಕೆ ಅಗದಿ ಅಂತಾನೆ. ನನಗ್ಯಾಕೆ ಬೇಕು ಆ ಉಸಾಬರಿ?" ಇಬ್ಬರೂ ಸೇರಿ ಒಮ್ಮೆ ನಗರಸಭೆಗೆ ಅರ್ಜಿ ಕೊಟ್ಟರು. ಬಂದವರು ರಸ್ತೆಯ ಚೇಂಬರ್ ತೆಗೆದು ನೋಡಿ, "ಇಲ್ಲೇನೂ ತೊಂದರೆ ಇಲ್ಲ. ಈಚೆಗಿನದು ಮನೆಯವರೇ ಮಾಡಿಸ್ಕೋಬೇಕು" ಎಂದು ಹೋದರು. ಮನೆಯವರೆಂದರೆ ಯಾರು ಎಂಬಲ್ಲಿಗೆ ಮಾತು ನಿಂತಿತು, ಅಣ್ಣತಮ್ಮಂದಿರ ಮಾತೂ ನಿಂತಿತು.

ಆದರೆ ಹೆಂಗಸರ ಮಾತು ನಿಲ್ಲಲಿಲ್ಲ. ಚಿಕ್ಕ ಸೊಸೆ ಸರ್ವಮಂಗಳ, ದಾಕ್ಷಾಯಣಿ ಇಬ್ಬರೂ ಓರಗಿತ್ತಿಯರು ಎನ್ನುವುದು ಹೆಸರಿಗೆ ಮಾತ್ರ, ಇದ್ದದ್ದು ಅಕ್ಕತಂಗಿಯರ ಹಾಗೆ. ಗಂಡಂದಿರು ಹೊರಗೆ ಹೋದರೆ ಸಾಕು, ಗೋಡೆಗೆ ಆನಿಕೊಂಡು ನಿಂತುಬಿಡುತ್ತಿದ್ದರು. ಮಂಗಳಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಕೊನೆಗೆ ಆ ವರ್ಷ ಬಸಿರು ನಿಂತಿತು. ಆ ಸುದ್ದಿ ಮೊದಲು ಕೇಳಿದ್ದು ಗೋಡೆ, ಆಮೇಲೆ ದಾಕ್ಷಾಯಣಿ, ಆಮೇಲೆ ನೆಲದೊಳಗಿದ್ದ ನಾನು. ಎಷ್ಟು ಸಂತೋಷವಾಯಿತೆಂದರೆ, ನಾನು ಪೈಪು ಎನ್ನುವುದೇ ಮರೆತುಹೋಯಿತು.

ಹಿಂದಿನ ಮನೆಗೆ ನಲ್ಲಿ ನೀರು ಸರಿಯಾಗಿ ಏರುತ್ತಿರಲಿಲ್ಲ. ಮುಂದಿನ ಮನೆಯಲ್ಲಿ ಸಂಪು ತುಂಬ ನೀರು. "ಈ ಹೊತ್ನಾಗೆ ನೀನು ಬೋರ್‌ವೆಲ್ ತನಕ ಹೋಗಿ ನೀರು ಹೊರಬ್ಯಾಡ ತಾಯಿ" ಎಂದು ದಾಕ್ಷಾಯಣಿ ಪ್ರತಿ ಬೆಳಿಗ್ಗೆ ಸಂಪಿನಿಂದ ಒಂದು ಹಿತ್ತಾಳೆ ಕೊಡ ತುಂಬಿ ಗೋಡೆಯ ಮೇಲೆ ಇಡುತ್ತಿದ್ದಳು. ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸಿ, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ನೀರು ಸೋಸಿ ಕೊಡುತ್ತಿದ್ದಳು. ಗಂಡನಿಗೆ ಗೊತ್ತಾಗದಂತೆ ಕೊಡುತ್ತಿದ್ದಳು. ಗೋಡೆಯ ಮೇಲೆ ಕೊಡದ ತಳದ ದುಂಡನೆಯ ಗುರುತು ಬಿದ್ದಿತ್ತು. ಅಯ್ಯೋ, ಸಂಪಿನ ಗೋಡೆಯಲ್ಲಿ ಒಸರಿ ಆ ನೀರಿಗೆ ನನ್ನ ತೊಟ್ಟು ಬೆರೆಯುತ್ತಿತ್ತು. ನನಗೆ ಗೊತ್ತಿತ್ತು, ಹೇಳಲು ದಾರಿಯಿರಲಿಲ್ಲ.

ಮುಂದಿನ ಮನೆಯಲ್ಲಿ ರೇವಣ್ಣನಿಗೆ ಭೇದಿ ಹತ್ತಿತು. ಅವನು ಅಂಗಡಿಯ ಮಿರ್ಚಿ ಮಂಡಕ್ಕಿಯನ್ನು ಬೈದ. ದಾಕ್ಷಾಯಣಿಗೆ ಜ್ವರ ಬಂದು ಬಾಯಿ ಕಹಿಯಾಯಿತು. ಅವಳು ಕಷಾಯ ಕುಡಿದು ಎದ್ದಳು. ಇಬ್ಬರೂ ಗಟ್ಟಿ ಜೀವ, ಹೇಗೋ ಸುಧಾರಿಸಿಕೊಂಡರು. ಮಂಗಳಳ ಕಣ್ಣು ಮಾತ್ರ ಹಳದಿಯಾಯಿತು. ಕಾಮಾಲೆ ಎಂದು ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದರು. ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ಯುವಾಗ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ.

ಮಂಗಳ ಉಳಿದಳು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಹೆಣ್ಣು ಕೂಸಂತೆ. ಡಾಕ್ಟರು ಮರುಳಪ್ಪನನ್ನು ಕೂರಿಸಿಕೊಂಡು, ಇದು ಹೊಲಸು ಬೆರೆತ ನೀರಿನಿಂದ ಬರುವ ಕಾಮಾಲೆ, ಬಸುರಿಯರಿಗೆ ಬಹಳ ಕೆಟ್ಟದ್ದು, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದರಂತೆ. ಅವನು ಮನೆಗೆ ಬಂದು ಅಂಗಳದಲ್ಲಿ ಇದನ್ನೆಲ್ಲ ಹೇಳಿ, "ಅತ್ತಿಗಿ, ನಮ್ಮನೆ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು?" ಎಂದು ಕೇಳಿದ. ದಾಕ್ಷಾಯಣಿ ಸಂಪಿನ ಕಡೆ ಕೈ ತೋರಿಸಿ ಅಲ್ಲೇ ಕೂತುಬಿಟ್ಟಳು. ಅವಳು ಕೂತದ್ದು ಆ ಕೆಸುವಿನ ಗಿಡದ ಪಕ್ಕದಲ್ಲೇ. ಅವಳು ಅತ್ತದ್ದೆಲ್ಲ ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಅಗೆಯುವವರು ಬಂದರು. ರೇವಣ್ಣನೂ ಕರೆಸಿದ್ದ, ಮರುಳಪ್ಪನೂ ಕರೆಸಿದ್ದ. ಒಬ್ಬರಿಗೊಬ್ಬರು ಹೇಳಿರಲಿಲ್ಲ, ಎರಡು ಕಡೆಯ ಆಳುಗಳೂ ಒಂದೇ ಬಾಗಿಲಲ್ಲಿ ಬಂದು ನಿಂತರು. ಕೆಸು ಕಿತ್ತರು, ಮಣ್ಣು ತೆಗೆದರು, ನನ್ನನ್ನು ಬೆಳಕಿಗೆ ತಂದರು. ಬಿರುಕಿನಿಂದ ಇನ್ನೂ ಜಿನುಗುತ್ತಿತ್ತು. ಪ್ಲಂಬರ್ ಮೇಲೆ ನೋಡಿ, "ಇದು ಯಾರ ಪೈಪ್ರಿ?" ಎಂದ.

"ನಂದು" ಎಂದ ರೇವಣ್ಣ. ಅದೇ ಉಸಿರಿನಲ್ಲಿ ಮರುಳಪ್ಪನೂ "ನಂದು" ಎಂದ.

ಬಹಳ ದಿನದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ರೇವಣ್ಣ ಗುಂಡಿಯ ಅಂಚಿನಲ್ಲಿ ಕೂತು, "ಅಪ್ಪ ಇಲ್ಲೇ ನಿಲ್ಲಿಸಿ ಹೇಳಿದ್ದನಲ್ಲೋ ಮರುಳಾ" ಎಂದು ಬಿಕ್ಕಿದ. ಊಟದ ಹೊತ್ತಿಗೆ ಹೊಸ ಪ್ಲಾಸ್ಟಿಕ್ ಪೈಪು ಕೂತು, ಮಣ್ಣು ಮುಚ್ಚಿಯೂ ಆಯಿತು. ಸಂಪನ್ನು ಒಡೆದು ಬೇರೆ ಕಡೆ ಕಟ್ಟಿಸಿದರು. ನನ್ನನ್ನು ಸರಿಮಾಡುವ ಕೆಲಸ ಅಷ್ಟೇ ಇತ್ತು ನೋಡಿ, ಒಂದು ಮುಂಜಾನೆಯ ಕೆಲಸ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಈಗ ನಾನು ನಡುಗೋಡೆಯ ಬುಡದಲ್ಲಿ ಎರಡು ತುಂಡಾಗಿ ಬಿದ್ದಿದ್ದೇನೆ. ಗುಜರಿಯವನಿಗೂ ಬೇಡವಾದೆ, ಮಣ್ಣಿನ ಪೈಪಿಗೆ ಏನು ಬೆಲೆ? ಮಳೆ ಬಂದರೆ ಒಳಗೆ ತಿಳಿನೀರು ನಿಲ್ಲುತ್ತದೆ, ಗುಬ್ಬಿಗಳು ಬಂದು ಕುಡಿಯುತ್ತವೆ. ಹಬ್ಬದ ಮರುದಿನ ಈಗ ಅಣ್ಣತಮ್ಮಂದಿರು ಇಬ್ಬರೂ ಸೇರಿ ಆ ಬಚ್ಚಲ ಚೇಂಬರಿಗೆ ಬಿಸಿನೀರು ಸುರಿಯುತ್ತಾರೆ. ನೋಡಿದಾಗ ಹಾಲಪ್ಪನವರು ನೆನಪಾಗುತ್ತಾರೆ. ಅವರ ಮೊಮ್ಮಗಳಿಗೆ ಹುಟ್ಟುವ ಯೋಗ ಇರಲಿಲ್ಲ ಎಂದುಕೊಂಡು ಸುಮ್ಮನಾಗಲು ನೋಡುತ್ತೇನೆ, ಆಗುವುದಿಲ್ಲ.

ಮಂಗಳ ತವರಿಗೆ ಹೋಗಿದ್ದವಳು ಮೊನ್ನೆ ಬಂದಳು. ಬಂದ ಮರುದಿನ ಬೆಳಿಗ್ಗೆ ಖಾಲಿ ಕೊಡವನ್ನು ಗೋಡೆಯ ಮೇಲೆ, ಆ ಹಳೆಯ ಗುರುತಿನ ಮೇಲೆಯೇ ಇಟ್ಟು, "ಅಕ್ಕಾ, ನಲ್ಲಿ ಬಂದಿಲ್ಲ. ಒಂದು ಕೊಡ ನೀರು ಕೊಡು" ಎಂದಳು.

ದಾಕ್ಷಾಯಣಿ ಕೈ ಒರೆಸಿಕೊಳ್ಳುತ್ತ ಬಂದಳು. ಕೊಡ ಮುಟ್ಟಲಿಲ್ಲ.

"ಎಲ್ಲಾ ಹೊಸದು ಹಾಕ್ಯಾರಂತಲ್ಲಕ್ಕ."

"ಹಾಕ್ಯಾರೆ ತಾಯಿ, ಎಲ್ಲಾ ಹಾಕ್ಯಾರೆ. ಮೋಟರ್ ಹಚ್ತೀನಿ, ನೀನೇ ಬಂದು ಹಿಡ್ಕೋ. ನನ್ನ ಕೈಯಾಗಿಂದ ಬ್ಯಾಡ ಮಂಗಳಾ" ಎಂದಳು ದಾಕ್ಷಾಯಣಿ. ಮಂಗಳ ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡಳು. "ನೀ ಏನ್ ಮಾಡಿದಿ ಅಕ್ಕ, ನೀ ಏನ್ ಮಾಡಿದಿ" ಎಂದು ಎಷ್ಟು ಹೇಳಿದರೂ ದಾಕ್ಷಾಯಣಿ ಆ ಕೊಡ ಎತ್ತಲಿಲ್ಲ.

ಅಂದು ಎಲೆ ಅಡಿಕೆಯ ಮುಂದೆ ನನ್ನ ಮಾತೆತ್ತಿದವಳು ಅವಳೊಬ್ಬಳೇ. ಇವತ್ತಿಗೂ ತಪ್ಪೆಲ್ಲ ತನ್ನದೇ ಎಂದುಕೊಂಡಿರುವವಳೂ ಅವಳೊಬ್ಬಳೇ.