ಮೂರು ತಕ್ಬೀರು

ಈದ್ಗಾ ಬಯಲಿನ ಅಂಚಿಗೆ, ಬೇವಿನ ಮರದ ಕೆಳಗೆ, ಸಾಲಾಗಿ ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ಚನಮಲ್ಲಪ್ಪ ಕಾಕಾ ಒಂದು ಕೋಲು ಹಿಡಿದು ಕೂತಿರುತ್ತಿದ್ದ. ರಂಜಾನ್ ಹಬ್ಬವೆಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅದೇ. ಊರಿನಲ್ಲಿ ನಮ್ಮವರ ಮನೆಗಳು ಹದಿನಾಲ್ಕು. ಮಸೀದಿ ಎಂದರೆ ಹೆಂಚು ಹೊದಿಸಿದ ಒಂದು ಕೋಣೆ, ಈದ್ಗಾ ಎಂದರೆ ಊರ ಹೊರಗಿನ ಬಯಲಿನಲ್ಲಿ ಪಶ್ಚಿಮ ದಿಕ್ಕಿಗೆ ಕಟ್ಟಿದ ಎದೆಮಟ್ಟದ ಒಂದು ಗೋಡೆ. ಎಷ್ಟೋ ವರ್ಷಗಳ ಹಿಂದೆ ನಮಾಜಿನ ಹೊತ್ತಿನಲ್ಲಿ ನಾಯಿಯೊಂದು ಯಾರದೋ ಹೊಸ ಚಪ್ಪಲಿ ಕಚ್ಚಿಕೊಂಡು ಓಡಿತ್ತಂತೆ. ಸಾಲಿನಲ್ಲಿ ನಿಂತವರು ಅಲುಗಾಡುವಂತಿಲ್ಲ. ದಾರಿಯಲ್ಲಿ ಹೊರಟಿದ್ದ ಕಾಕಾ ಅದನ್ನು ಅಟ್ಟಿಸಿಕೊಂಡು ಹೋಗಿ ಚಪ್ಪಲಿ ಬಿಡಿಸಿ ತಂದನಂತೆ. ಅವತ್ತಿನಿಂದ ವರ್ಷಕ್ಕೆರಡು ಸಲ ಆ ಕೆಲಸ ಅವನದಾಯಿತು. ಯಾರೂ ಕರೆಯುತ್ತಿರಲಿಲ್ಲ, ಅವನೂ ತಪ್ಪಿಸುತ್ತಿರಲಿಲ್ಲ.

ಕಾಕಾನದು ಗಾಣದೆಣ್ಣೆಯ ಅಂಗಡಿ. ಅದಕ್ಕೆ ಗೋಡೆ ಹಚ್ಚಿ ನಮ್ಮ ದರ್ಜಿ ಅಂಗಡಿ. ಹಗಲೆಲ್ಲ ಎಣ್ಣೆ ಅಳೆದು ಸಂಜೆ ಮಠದ ಭಜನೆಯಲ್ಲಿ ತಾಳ ಹಾಕುವುದು ಅವನ ದಿನಚರಿ. ನಮ್ಮಪ್ಪ ಬಟ್ಟೆ ಹೊಲಿಯುತ್ತಲೇ ಮೂವತ್ತು ವರ್ಷ ಊರಿಗೆ ನಮಾಜು ಮಾಡಿಸಿದವನು. ಇಬ್ಬರದೂ ಒಂದೇ ತಂಬಾಕಿನ ಚೀಲ, ಒಂದೇ ಬಗೆಯ ಮೊಂಡುತನ.

ಆ ವರ್ಷ ರಂಜಾನಿಗೆ ಮೂರು ತಿಂಗಳಿರುವಾಗ ಅಪ್ಪ ತೀರಿಕೊಂಡ. ಹಬ್ಬದ ನಮಾಜು ಯಾರು ಮಾಡಿಸಬೇಕೆಂಬ ಮಾತು ಬಂದಾಗ, ಸೈಕಲ್ ಅಂಗಡಿಯ ಲಾಡ್ಲೇಸಾಬ ಪೇಟೆಯಿಂದ ಮೌಲವಿಯನ್ನು ಕರೆಸೋಣ ಎಂದ. ಎಲ್ಲರಿಗಿಂತ ಹಿರಿಯನಾದ ಗೈಬುಸಾಬ ಮುತ್ಯಾ ಒಪ್ಪಲಿಲ್ಲ.

"ಇಮಾಮನ ಮಗಾ ಮನ್ಯಾಗ ಇರೂಮುಂದ ಹೊರಗಿನವ್ರು ಯಾಕ? ಏನೋ ತಮ್ಮಾ, ನಿನಗ ಬರತೈತಿಲ್ಲೋ?"

ನನಗೆ ಇಪ್ಪತ್ತಾರು ವರ್ಷ. ದಿನದ ಐದು ನಮಾಜು ಬರುತ್ತಿತ್ತು, ಕುರಾನಿನ ನಾಲ್ಕಾರು ಸೂರಾ ಬಾಯಿಪಾಠವಿದ್ದವು. ಈದ್ ನಮಾಜನ್ನು ಎಂದೂ ಮುಂದೆ ನಿಂತು ಮಾಡಿಸಿರಲಿಲ್ಲ. ಆದರೂ ಅಪ್ಪನ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದು ನನಗೆ ಬೇಡವಾಗಿತ್ತು. "ಬರತೈತಿ ಮುತ್ಯಾ" ಎಂದುಬಿಟ್ಟೆ.

ಈದ್ ನಮಾಜು ದಿನದ ನಮಾಜಿನಂತಲ್ಲ. ಎರಡು ರಕಾತ್, ಅಂದರೆ ಎರಡು ಸುತ್ತು. ಒಂದೊಂದರಲ್ಲೂ ಮೂರು ತಕ್ಬೀರು ಹೆಚ್ಚಿಗೆ, 'ಅಲ್ಲಾಹು ಅಕ್ಬರ್' ಎನ್ನುತ್ತ ಮೂರು ಸಲ ಕಿವಿಯವರೆಗೆ ಕೈ ಎತ್ತಬೇಕು. ಮೊದಲ ಸುತ್ತಿನಲ್ಲಿ ಇವು ಆರಂಭದಲ್ಲೇ ಬರುತ್ತವೆ. ಎರಡನೆಯದರಲ್ಲಿ ಓದೆಲ್ಲ ಮುಗಿದ ಮೇಲೆ, ಬಗ್ಗುವ ಮುಂಚೆ. ವರ್ಷಕ್ಕೆರಡೇ ಸಲ ಬರುವ ಈ ಲೆಕ್ಕ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಎಲ್ಲರೂ ಪಕ್ಕದವನನ್ನು ಕಡೆಗಣ್ಣಿನಿಂದ ನೋಡಿ ಕೈ ಎತ್ತುವವರೇ. ಪಕ್ಕದವನೂ ಅದನ್ನೇ ಮಾಡುತ್ತಿರುತ್ತಾನೆ. ಇಮಾಮನಿಗೆ ಮಾತ್ರ ಪಕ್ಕದವನೆಂಬುವನಿಲ್ಲ.

ಕಲಿಯಲು ಒಂದು ತಿಂಗಳಿತ್ತು. ಆದರೆ ದರ್ಜಿಗೆ ರಂಜಾನ್ ಎಂದರೆ ಉಸಿರು ಬಿಡಲೂ ಪುರಸೊತ್ತಿಲ್ಲದ ತಿಂಗಳು. ಹದಿನಾಲ್ಕು ಮನೆಯ ಅಂಗಿ, ಪಾಯಿಜಾಮ, ಹುಡುಗಿಯರ ಲಂಗ ಎಲ್ಲವೂ ನಮ್ಮದೇ ಮಷಿನ್ನಿಗೆ ಬರಬೇಕು. ಪೆಡಲ್ ತುಳಿಯುತ್ತಲೇ ತಕ್ಬೀರುಗಳನ್ನು ಬಾಯಲ್ಲಿ ಹೇಳಿಕೊಂಡೆ. ಎರಡೂ ಕೈ ಬಟ್ಟೆ ಹಿಡಿದಿರುತ್ತಿದ್ದವು. ಹೀಗಾಗಿ ಬಾಯಿ ಕಲಿಯಿತು, ಕೈ ಕಲಿಯಲಿಲ್ಲ.

"ಪಾಠ ಆತೇನೋ?" ಎಂದು ಅವ್ವ ದಿನಾ ಕೇಳುತ್ತಿದ್ದಳು. "ಆಗೇತಿ ಬಿಡಬೇ" ಎನ್ನುತ್ತಿದ್ದೆ.

ಹಬ್ಬದ ಬೆಳಿಗ್ಗೆ ಮೂವತ್ತೈದು ಗಂಡಸರು ನನ್ನ ಹಿಂದೆ ಸಾಲಾದರು. ಮುತ್ಯಾನನ್ನು ಚಕ್ಕಡಿಯಲ್ಲಿ ಕೂರಿಸಿ ತಂದಿದ್ದರು. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಸೂರಾ ಎಲ್ಲೂ ತಡವರಿಸದೆ ಓದಿದೆ, ಅದೇ ಖುಷಿಯಲ್ಲಿ 'ಅಲ್ಲಾಹು ಅಕ್ಬರ್' ಎಂದು ದಿನದ ರೂಢಿಯಂತೆ ಬಗ್ಗಿಬಿಟ್ಟೆ. ಹಿಂದೆ ಸರಬರ ಸಪ್ಪಳ. ಹೊಸ ಬಟ್ಟೆಯ ಸಪ್ಪಳ ದರ್ಜಿಗೆ ಚೆನ್ನಾಗಿ ತಿಳಿಯುತ್ತದೆ. ಅರ್ಧ ಜನ ಕೈ ಎತ್ತಿದ್ದರು, ಅರ್ಧ ಜನ ಬಗ್ಗಿದ್ದರು. ಆಗ ನನಗೆ ಗೊತ್ತಾಯಿತು. ಬೆನ್ನು ಬಗ್ಗಿಸಿಕೊಂಡೇ ಬೆವತೆ. ಏನು ಮಾಡಬೇಕೆಂದು ಹೊಳೆಯಲಿಲ್ಲ, ಮುಂದುವರಿಸಿದೆ. ನಮಾಜು ಮುಗಿಸಿ ಅಪ್ಪನ ಪುಸ್ತಕದಿಂದ ಖುತ್ಬಾ ಎಂಬ ಹಬ್ಬದ ಪ್ರವಚನ ಓದಿದೆ, ದುವಾ ಮಾಡಿಸಿದೆ.

ಎಲ್ಲರೂ ಎದ್ದು ಅಪ್ಪಿಕೊಳ್ಳತೊಡಗಿದರು. ಒಬ್ಬೊಬ್ಬರ ಮುಖದಲ್ಲೂ ಸಣ್ಣದೊಂದು ಅಳುಕು ಕಂಡಿತು. ಪ್ರತಿಯೊಬ್ಬನೂ ತಪ್ಪಿದ್ದು ತಾನೇ ಎಂದುಕೊಂಡಿದ್ದ! ನನಗೆ ಹೋದ ಜೀವ ಬಂದಂತಾಯಿತು. ಬಚಾವಾದೆ ಎಂದುಕೊಂಡೆ, ಸುಳ್ಳೇಕೆ ಹೇಳಲಿ.

ಆಗ ಕಾಕಾ ಕೋಲನ್ನು ಮರಕ್ಕೆ ಒರಗಿಸಿ ಬಂದ. ಪ್ರತಿ ವರ್ಷ ಅಪ್ಪನನ್ನು ಅಪ್ಪಿಕೊಳ್ಳುತ್ತಿದ್ದ ಹಾಗೇ ನನ್ನನ್ನು ಅಪ್ಪಿಕೊಂಡು ಕಿವಿಯಲ್ಲಿ ಹೇಳಿದ:

"ತಮ್ಮಾ, ಎರಡನೇ ಸಲ ಮೂರು ಬಿಟ್ಟಿಯಲ್ಲೋ."

ಕೆಳಗೆ ನೋಡುತ್ತ ನಿಂತವರಿಗೆ ಕಾಣದ್ದು ಹೊರಗೆ ಕೂತವನಿಗೆ ಕಂಡಿತ್ತು. ಅಷ್ಟು ವರ್ಷ ಚಪ್ಪಲಿ ಕಾಯುತ್ತ ಅವನು ನಮ್ಮ ನಮಾಜನ್ನೂ ನೋಡಿದ್ದ.

"ಯಾರಿಗೂ ಗೊತ್ತಾಗಿಲ್ಲ ಕಾಕಾ" ಎಂದೆ.

"ಹೌದೇನು? ಆತು ಬಿಡು. ನಿಮ್ಮ ದೇವರ ಲೆಕ್ಕಾ ನನಗ ತಿಳಿಯೂದಿಲ್ಲ. ತಾಳ ತಪ್ಪಿದ್ದಷ್ಟ ತಿಳೀತು." ಹಾಗೆಂದು ಮರದ ಕಡೆಗೆ ಹೊರಟುಹೋದ.

ಅವನ ಮೇಲೆ ನನಗೆ ಸಿಟ್ಟೇ ಬಂತು. ಸುಮ್ಮನಿದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಹೇಳಿದರೆ ಲಾಡ್ಲೇಸಾಬನ ಮಾತೇ ಗೆದ್ದಂತೆ, ಅಪ್ಪನ ಜಾಗ ನನ್ನ ಕೈತಪ್ಪಿದಂತೆ. ಹೇಳದಿದ್ದರೆ ಒಂದು ತಿಂಗಳು ಉಪವಾಸವಿದ್ದವರ ಹಬ್ಬದ ನಮಾಜು ಕುಂಟು. ಮನಸ್ಸು ಹೇಳದೆ ಇರುವ ಕಡೆಗೇ ವಾಲುತ್ತಿತ್ತು.

ಅಷ್ಟರಲ್ಲಿ ಮುತ್ಯಾ ಇಬ್ಬರ ಹೆಗಲು ಹಿಡಿದು ನನ್ನ ಮುಂದೆ ಬಂದು ನಿಂತ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ನಿಮ್ಮಪ್ಪನ್ನ ನೋಡಿದಂಗಾತಪಾ. ಮುಂದಿನ ರಂಜಾನ ನಾ ಕಾಣೂದಿಲ್ಲ. ನನ್ನ ಕಡೀ ಈದ್ ನಮಾಜ ಚೊಲೋ ಆತು, ಇಷ್ಟ ಸಾಕು ನನಗ."

ಒರಟು ಒರಟಾದ ಆ ಕೈ ಬಿಸಿಯಾಗಿತ್ತು. ಊರಿಗೆಲ್ಲ ಸುಳ್ಳು ಹೇಳಿ ಬದುಕಬಹುದಿತ್ತು, ಆ ಮುದುಕನ ಕಡೆಯ ನಮಾಜನ್ನು ಕದ್ದು ಬದುಕುವುದು ಆಗಲಿಲ್ಲ.

"ಮುತ್ಯಾ, ಚೊಲೋ ಆಗಿಲ್ಲ" ಎಂದೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ತಪ್ಪಾಗೇತಿ. ಎರಡನೇ ರಕಾತಿನ್ಯಾಗ ಮೂರು ತಕ್ಬೀರ್ ನಾನ ಬಿಟ್ಟೀನಿ. ನಮಾಜ ತಿರುಗಿ ಮಾಡಬೇಕು" ಎಂದೆ.

ಆಗಲೇ ಚಪ್ಪಲಿ ಮೆಟ್ಟಿದವರು ಮೆಟ್ಟಿದ ಹಾಗೇ ನಿಂತರು. ಮೊದಲು ಬಾಯಿಬಿಟ್ಟವನು ಲಾಡ್ಲೇಸಾಬ.

"ಅಲಲಾ! ತಪ್ಪಿದ್ದು ನಾನ ಅಂತ ತಿಳದು ಒಳಗಿಂದೊಳಗ ತೌಬಾ ಮಾಡ್ಕೊಂಡೆನಲ್ಲೋ ಮಾರಾಯಾ!"

"ನಾನೂ." "ನಾನೂನು." ಸಾಲಿನುದ್ದಕ್ಕೂ ನಗು ಹರಿಯಿತು. ನಗು ನಿಂತ ಮೇಲೆ ಲಾಡ್ಲೇಸಾಬ, "ಬಕ್ರೀದಿಗೆ ಮಾತ್ರ ಮೌಲವೀನ ಕರಸೂದ. ಇದರಾಗ ಎರಡ ಮಾತಿಲ್ಲ" ಎಂದ. ಎಲ್ಲರೂ ಹೂಂಗುಟ್ಟಿದರು. ನಾನೂ ತಲೆ ಆಡಿಸಿದೆ. ನೋವಾಗಲಿಲ್ಲವೆಂದಲ್ಲ, ಬಹಳ ನೋವಾಯಿತು.

ಮುತ್ಯಾ ಸೂರ್ಯನ ಕಡೆ ನೋಡಿದ. "ಹೊತ್ತು ಇನ್ನೂ ನೆತ್ತಿಗಿ ಬಂದಿಲ್ಲ, ನಿಲ್ರಿ. ಒಂದ ಹಬ್ಬಕ್ಕ ಎರಡ ನಮಾಜ. ಮುಂದಿನ ವರ್ಷದ್ದೂ ಇವತ್ತ ಮುಗಿಸಿ ಹೊಕ್ಕೀನಿ."

ಎಲ್ಲರೂ ಮತ್ತೆ ಚಪ್ಪಲಿ ಬಿಟ್ಟರು. ಕಾಕಾ ಮತ್ತೆ ಕೋಲು ಹಿಡಿದು ಕೂತ. ಮೊದಲಿಗಿಂತ ನನಗೆ ಈಗ ಹೆಚ್ಚು ಭಯ. ಎರಡನೇ ಸುತ್ತಿನಲ್ಲಿ ಸೂರಾ ಮುಗಿಯಿತು. ಕೈ ಮರಗಟ್ಟಿತ್ತು, ಬೆನ್ನು ಮತ್ತೆ ಹಳೇ ರೂಢಿಯಂತೆ ಬಗ್ಗಲು ಹವಣಿಸುತ್ತಿತ್ತು. ಆ ಗಳಿಗೆಗೆ ಸರಿಯಾಗಿ ಬೇವಿನ ಮರದ ಕಡೆಯಿಂದ ಒಂದು ಕೆಮ್ಮು ಕೇಳಿತು. ಕೈ ಮೇಲೆದ್ದವು. ಒಂದು, ಎರಡು, ಮೂರು. ಆಮೇಲೆ ಬಗ್ಗಿದೆ. ಈ ಸಲ ಮೂವತ್ತೈದು ಅಂಗಿಗಳೂ ಒಟ್ಟಿಗೆ ಸದ್ದು ಮಾಡಿದವು.

ಬಕ್ರೀದಿಗೆ ಪೇಟೆಯ ಮೌಲವಿ ಬಂದರು. ನಾನು ಎರಡನೇ ಸಾಲಿನಲ್ಲಿ ನಿಂತೆ. ಊಟವಾದ ಮೇಲೆ ಅವರನ್ನು ಒಂದು ಮಾತು ಕೇಳಿದೆ: ನಮಾಜಿನಲ್ಲಿ ಮರೆತವನಿಗೆ, ನಮಾಜಿನ ಹೊರಗಿದ್ದವನು ನೆನಪು ಮಾಡಿಕೊಟ್ಟರೆ? ಅದನ್ನು ತೆಗೆದುಕೊಳ್ಳುವಂತಿಲ್ಲ, ನಮಾಜು ಮುರಿಯುತ್ತದೆ ಎಂದರು. ಕೆಮ್ಮಿನ ವಿಷಯ ನಾನು ಎತ್ತಲಿಲ್ಲ. ಕೈ ಎತ್ತಿದ್ದು ಕೆಮ್ಮಿಗೆ ಮುಂಚೆಯೋ ಆಮೇಲೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಅಷ್ಟರಲ್ಲಿ ಮುತ್ಯಾ ತೀರಿಹೋಗಿದ್ದ, ಹೋಗುವಾಗ ನೆಮ್ಮದಿಯಾಗಿದ್ದನಂತೆ.

ಒಂದೇ ಸಲ, ಎಷ್ಟೋ ವರ್ಷಗಳ ಮೇಲೆ, ಕಾಕಾನನ್ನು ಕೇಳಿದ್ದೆ: "ಅವತ್ತ ಯಾಕ ಕೆಮ್ಮಿದಿ ಕಾಕಾ?"

ಅವನು ಎಣ್ಣೆ ಸುರಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮವ್ವ ಕೊಟ್ಟ ಸುರಕುಂಬಾದಾಗಿನ ಉತ್ತತ್ತಿ ಗಂಟಲಾಗ ಸಿಕ್ಕಿತ್ತೋ" ಎಂದ.

ಅವತ್ತಿನ ಸುರಕುಂಬಾ ಪಾಯಸವನ್ನು ತಂಬಿಗೆಯಲ್ಲಿ ತುಂಬಿ ಅವನ ಮನೆಗೆ ಒಯ್ದು ಕೊಟ್ಟವನು ನಾನೇ, ಎರಡನೇ ನಮಾಜು ಮುಗಿದು ಮನೆಗೆ ಬಂದ ಮೇಲೆ.